ನಾಲ್ವರು ಕೂತರೆ ಮೆಂಡಿಕೋಟ್



‘ಇಸ್ಪೀಟು’ ಎಂದೊಡನೆ ನಿಮ್ಮ ಮನೆಯ ಹಿರಿಯರ ಹುಬ್ಬು ಗಂಟಾಗುತ್ತದೆಯೇ? ಅವರನ್ನು ತಪ್ಪು ತಿಳಿಯಬೇಡಿ. ಧರ್ಮರಾಯನ ಪಗಡೆಯಿಂದ ಹಿಡಿದು ಜಾತ್ರೆಯ ಅಂದರ್-ಬಾಹರ್‌ವರೆಗೆ, ಜೂಜಾಡಿ ಮನೆಮಠ ಕಳೆದುಕೊಂಡವರ ಕಥೆ ಕೇಳಿಯೇ ಅವರು ಬೆಳೆದವರು. ಆದರೆ ಎಲೆಯಾಟವೆಲ್ಲ ಜೂಜಲ್ಲ. ಕಾಸಿಲ್ಲದೆ, ಬುದ್ಧಿಯೊಂದನ್ನೇ ಪಣವಾಗಿಟ್ಟು ಆಡುವ ಆಟಗಳೂ ಇವೆ. ಮಹಾರಾಷ್ಟ್ರದ ಮನೆಮನೆಯ ಮೆಂಡಿಕೋಟ್ ಅಂಥದ್ದೊಂದು.

ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ನಮ್ಮ ಕುರಕುಂಭ ರಾಸಾಯನಿಕ ಕಾರ್ಖಾನೆಗಳ ಊರು. ಪಾಳಿ ಕೆಲಸದ ಇಂಥ ಊರಿನಲ್ಲಿ ನಾಲ್ವರು ಗೆಳೆಯರಿಗೆ ಒಟ್ಟಿಗೆ ಬಿಡುವು ಸಿಗುವುದೇ ಅಪರೂಪ. ಸಿಕ್ಕಾಗಲೂ ನಾಲ್ವರು ನಾಲ್ಕು ಮೊಬೈಲು ಹಿಡಿದು ಕೂತರೆ ಏನು ಬಂತು? ಒಂದು ಕಟ್ಟು ಎಲೆ, ಒಂದು ಚಾಪೆ ಇದ್ದರೆ ಸಾಕು, ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಲೇಬೇಕಾಗುತ್ತದೆ!

ಮೊದಲು ಹೆಸರುಗಳು. ನಿಮ್ಮ ಮರಾಠಿ ಗೆಳೆಯರು ಇಸ್ಪಿಕ್, ಬದಾಮ್, ಚೌಕಟ್, ಕಿಲ್ವರ್ ಎನ್ನುತ್ತಾರೆ. ಅವನ್ನೇ ಕನ್ನಡದಲ್ಲಿ ಇಸ್ಪೀಟು, ಆಟಿನ್, ಡೈಮನ್, ಕಳಾವರ್ ಎನ್ನುತ್ತೇವೆ. ಅವರ ಹುಕುಮ್ ನಮ್ಮ ತುರುಪು. ಪತ್ರಿಕೆಗಳಲ್ಲಿ ‘ತುರುಪಿನ ಎಲೆ’ ಎಂದು ಓದಿದ್ದೀರಲ್ಲ, ಆ ಮಾತು ಹುಟ್ಟಿದ್ದು ಈ ಚಾಪೆಯ ಮೇಲೆಯೇ. ಎಕ್ಕ, ರಾಜ, ರಾಣಿ, ಗುಲಾಮರಿಗೆ ಮಾತ್ರ ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು.

ಈಗ ಆಟ. ಎದುರುಬದುರು ಕೂತ ಇಬ್ಬರು ಜೊತೆಗಾರರು. 52 ಎಲೆ, ತಲಾ 13. ಒಬ್ಬರು ಯಾವ ಜಾತಿಯ ಎಲೆ ಇಳಿಸುತ್ತಾರೋ (ಜಾತಿ ಎಂದರೆ ಇಲ್ಲಿ ಎಲೆಯ ಗುರುತು ಮಾತ್ರ!) ಉಳಿದವರೂ ತಮ್ಮ ಕೈಯಲ್ಲಿದ್ದರೆ ಅದೇ ಜಾತಿಯನ್ನು ಇಳಿಸಬೇಕು. ದೊಡ್ಡ ಎಲೆಗೆ ಆ ಸುತ್ತು. ಸುತ್ತು ಗೆದ್ದವರೇ ಮುಂದಿನ ಎಲೆ ಇಳಿಸುತ್ತಾರೆ. ತುರುಪನ್ನು ಗೊತ್ತುಮಾಡುವ ಪದ್ಧತಿಗಳು ಹಲವು. ಕಲಿಯುವವರಿಗೆ ಸುಲಭವಾದದ್ದು ಇದು: ಇಳಿದ ಜಾತಿ ಯಾರ ಕೈಯಲ್ಲಿ ಮೊದಲು ಇಲ್ಲವಾಗುತ್ತದೋ, ಅವರು ಆಗ ಹಾಕಿದ ಬೇರೆ ಜಾತಿಯೇ ಆ ಆಟದ ತುರುಪು. ತುರುಪು ಉಳಿದ ಎಲ್ಲ ಜಾತಿಗಳನ್ನೂ ಹೊಡೆಯುತ್ತದೆ.

ಗೆಲುವಿನ ಲೆಕ್ಕವೇ ಇದರ ಸ್ವಾರಸ್ಯ. ಬೆಲೆ ಇರುವುದು ರಾಜ ರಾಣಿಯರಿಗಲ್ಲ, ನಾಲ್ಕು ಹತ್ತುಗಳಿಗೆ. ಹತ್ತಿಗೇ ‘ಮೆಂಡಿ’ ಎಂದು ಹೆಸರು. ಮೂರು ಹತ್ತು ಗಳಿಸಿದ ಜೋಡಿಗೆ ಗೆಲುವು. ಎರಡೆರಡು ಬಂದರೆ ಏಳು ಸುತ್ತು ಗೆದ್ದವರಿಗೆ. ನಾಲ್ಕೂ ಬಂದರೆ ಅದೇ ಮೆಂಡಿಕೋಟ್!

ಹತ್ತಿಗೆ ಬೆಲೆಯೇನೋ ಹೆಚ್ಚು, ಬಲ ಮಾತ್ರ ಕಡಿಮೆ. ಅದರ ಮೇಲೆ ಗುಲಾಮ, ರಾಣಿ, ರಾಜ, ಎಕ್ಕ ನಾಲ್ವರೂ ಕುಳಿತಿದ್ದಾರೆ. ಆದ್ದರಿಂದ ನಿಮ್ಮ ಹತ್ತನ್ನು ನೀವೇ ಕಾಪಾಡಿಕೊಳ್ಳುವುದು ಕಷ್ಟ. ಎದುರಿನ ಜೊತೆಗಾರ ಎಕ್ಕ ಇಳಿಸಿದಾಗ ಅದರ ಮೇಲೆ ಹತ್ತು ಹಾಕಿಬಿಡಿ. ಅದೂ ಆ ಜಾತಿಯ ಮೊದಲ ಸುತ್ತಿನಲ್ಲೇ ಆದರೆ ಒಳ್ಳೆಯದು. ಆಮೇಲೆ ಯಾರಾದರೂ ತುರುಪು ಹೊಡೆಯುವ ಭಯ ಹೆಚ್ಚುತ್ತದೆ.

ಎರಡನೆಯ ಪಾಠ ಎಣಿಕೆ. ಎಲ್ಲ ಎಲೆಗಳನ್ನೂ ಮೊದಲ ದಿನವೇ ನೆನಪಿಡಲು ಹೊರಡಬೇಡಿ. ಒಂದು ವಾರ ಹತ್ತುಗಳನ್ನಷ್ಟೇ ಗಮನಿಸಿ. ಮುಂದಿನ ವಾರ ತುರುಪಿನ 13 ಎಲೆಗಳಲ್ಲಿ ಎಷ್ಟು ಬಿದ್ದವೆಂದು ಎಣಿಸಿ. ಯಾವ ಜಾತಿ ಯಾರ ಕೈಯಲ್ಲಿ ಮುಗಿಯಿತು ಎಂಬುದು ಮೂರನೆಯ ಮೆಟ್ಟಿಲು. ನಿಮ್ಮ ಕೈಯಲ್ಲಿ ಕಳಾವರ್ ಒಂದೇ ಇದ್ದು ಇಸ್ಪೀಟು ಆರು ಇದ್ದರೆ, ಆ ಒಂಟಿ ಕಳಾವರನ್ನು ಬೇಗ ಕಳೆಯಿರಿ. ಮತ್ತೆ ಕಳಾವರ್ ಇಳಿದಾಗ, ಅಷ್ಟರಲ್ಲಿ ಬೇರೆ ಯಾರೂ ತುರುಪು ಮಾಡಿರದಿದ್ದರೆ, ಇಸ್ಪೀಟನ್ನೇ ತುರುಪು ಮಾಡುವ ಅವಕಾಶ ನಿಮ್ಮದು.

ಮೊದಲ ಒಂದೆರಡು ಆಟಗಳನ್ನು ಎಲೆಗಳನ್ನೆಲ್ಲ ತೆರೆದಿಟ್ಟೇ ಆಡಿ. ಯಾವ ಎಲೆ ಏಕೆ ಇಳಿಸಿದಿರಿ ಎಂದು ಬಾಯಿಬಿಟ್ಟು ಹೇಳಿ. ಎಲೆ ಮುಚ್ಚಿದ ಮೇಲೆ ಮಾತ್ರ ಮಾತು ಬಂದ್! ಕಣ್ಣು ಹೊಡೆಯುವುದು, ಕೆಮ್ಮುವುದು, ಕಾಲು ತಾಗಿಸುವುದು ಎಲ್ಲವೂ ಮೋಸವೇ. ಇಳಿಸಿದ ಎಲೆಯಿಂದಲೇ ಜೊತೆಗಾರನ ಮನಸ್ಸನ್ನು ಓದಬೇಕು. ಸೋತ ಮೇಲೆ ಅವನ ಮೇಲೆ ಹಾರಿಬೀಳದಿರುವುದೂ ಆಟದ ಒಂದು ಭಾಗ.

ಇದೇ ಕುಲದ ದೊಡ್ಡಣ್ಣ ಬ್ರಿಜ್. ಅಲ್ಲೂ ನಾಲ್ವರು, ಎರಡು ಜೋಡಿ, 13 ಸುತ್ತು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್‌ಗೆ ಮೊದಲ ಸಲ ಸ್ಥಾನ ಸಿಕ್ಕಾಗ, ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಡೇ ಸರ್ಕಾರ್. ಬರ್ಧನ್ ಅವರಿಗೆ ಆಗ 60 ವರ್ಷ! ಚಾಪೆಯ ಮೇಲೆ ಕಲಿತ ಎಣಿಕೆ ಬ್ರಿಜ್‌ನಲ್ಲೂ ನಿಮ್ಮ ಕೈಹಿಡಿಯುತ್ತದೆ.

ಹಣದ ವಿಷಯದಲ್ಲಿ ಮಾತ್ರ ಹಿರಿಯರ ಮಾತೇ ಸರಿ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1968ರಲ್ಲೇ ಹೇಳಿತ್ತು. ಆದರೆ ಹಣ ಕಟ್ಟಿದ ಮೇಲೆ ಕೌಶಲವಿದ್ದವನೂ ಸೋತು ಸಾಲಗಾರನಾಗಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವೂ ಸೇರಿದಂತೆ, ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಪಂದ್ಯ ಕಟ್ಟಲೇಬೇಕೆಂದರೆ, ಸೋತವರು ಎಲ್ಲರಿಗೂ ಚಹಾ ಮಾಡಲಿ!

ಎಲೆಯಾಟ ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ‘ಚದ’ ಎಂಬ ಎಲೆಯಾಟಗಳನ್ನು ವಿವರಿಸಿದ್ದಾರೆ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ದಶಾವತಾರದ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಿಂದ ಬರೆಯುತ್ತಾರೆ. ಹತ್ತು ಅವತಾರ, ತಲಾ 12 ಎಲೆ, ಒಟ್ಟು 120!

ಬರುವ ಭಾನುವಾರ ಮೂವರೇ ಸೇರಿದಿರಾ? ನಾಲ್ಕನೆಯವರಾಗಿ ಮನೆಯ ಅಜ್ಜನನ್ನೋ ಕಾಕಾನನ್ನೋ ಅತ್ತೆಯನ್ನೋ ಕರೆಯಿರಿ. ಎಲೆ ಕಲಸುತ್ತ ಅವರು ಆಡುವ ಕನ್ನಡ ಯಾವ ಪಠ್ಯಪುಸ್ತಕದಲ್ಲೂ ಸಿಗದು. ನಿಮಗೆ ಕನ್ನಡ ಓದಲು ತಡವರಿಸಿದರೂ ಪರವಾಗಿಲ್ಲ, ‘ತುರುಪು ಯಾವುದು?’ ಎಂದು ಕೇಳುವಷ್ಟು ಬಂದರೆ ಆಟ ಶುರುಮಾಡಬಹುದು. ಹಾಂ, ಆ ಮರಾಠಿ ಗೆಳೆಯರನ್ನೂ ಬಿಡಬೇಡಿ. ಅವರು ಬದಾಮ್ ಎನ್ನಲಿ, ನೀವು ಆಟಿನ್ ಎನ್ನಿ. ಎಲೆ ಒಂದೇ ತಾನೇ?