ಚೇತಕ್ ವಾಲಿಸಿದರೆ ಸಾಕೇ?

ಪ್ರಶ್ನೆ: ಹಳೆಯ ಟೂ-ಸ್ಟ್ರೋಕ್ ಚೇತಕ್ ಕೊಂಡಿದ್ದೇನೆ. ಸ್ಟಾರ್ಟ್ ಆಗದಿದ್ದರೆ ವಾಲಿಸಬೇಕು ಅಂತಾರೆ. ಯಾಕೆ?

ಉತ್ತರ: ವಾಲಿಸಿದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಸು ಹೆಚ್ಚು ಇಳಿಯುತ್ತದೆ, ಅಷ್ಟೇ. ಕಿಡಿಯೇ ಇಲ್ಲದಿದ್ದರೆ ಎಷ್ಟು ವಾಲಿಸಿದರೂ ಸೊಂಟ ನೋವು ಮಾತ್ರ. ಮೊದಲು ಪೆಟ್ರೋಲ್ ಕಾಕ್ ನೋಡಿ. (ನಗಬೇಡಿ, ಇದನ್ನು ಮರೆತು ಗ್ಯಾರೇಜಿನವರೆಗೆ ಗಾಡಿ ತಳ್ಳಿದವರಿದ್ದಾರೆ.) ನಾಲ್ಕಾರು ಕಿಕ್ ಹೊಡೆದು ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾರ್ಬ್ಯುರೇಟರಿನ ಜೆಟ್‌ನಲ್ಲಿ ಕಸ ಕೂತಿರಬಹುದು. ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ. ಪ್ಲಗ್ ಒರೆಸಿ, ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಪ್ಲಗ್ ತೂತಿನಿಂದ ದೂರ ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆಯಿರಿ; ನೀಲಿ ಕಿಡಿ ಹಾರಬೇಕು. ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಉರಿಯುವುದರಿಂದ ಈ ಎಂಜಿನ್‌ನ ಪ್ಲಗ್ ಬೇಗ ಮಸಿ ಹಿಡಿಯುತ್ತದೆ. ಡಿಕ್ಕಿಯಲ್ಲಿ ಹೊಸದೊಂದು ಪ್ಲಗ್ಗೂ ಪಾನಾವೂ ಇರಲಿ.