ಕಂಪೈಲರ್ ಕಟ್ಟಲು ಯಾರೆಲ್ಲ ಬೇಕು?

ಪ್ರಥಮ ಪಿಯುಸಿಯಲ್ಲಿ ಕಂಪ್ಯೂಟರ್ ಲ್ಯಾಬಿಗೆ ಹೋದ ಮೊದಲ ದಿನ ನನ್ನ ಪ್ರೋಗ್ರಾಂ ಓಡಲೇ ಇಲ್ಲ. ಒಂದು ಸಾಲಿನ ಕೊನೆಯಲ್ಲಿ ಅರ್ಧವಿರಾಮ ಬಿಟ್ಟುಹೋಗಿತ್ತು. ಗಣಿತದಲ್ಲೂ ನಾನು ಹಿಂದೆ. ಇದು ನನ್ನಿಂದಾಗದು ಎಂದುಕೊಂಡು ಕಾಂಬಿನೇಷನ್ ಬದಲಿಸಲು ಮನೆಯಲ್ಲಿ ಕೇಳಿಯೂ ಆಯಿತು. ಆ ನಡುವೆ, ನನ್ನ ತಪ್ಪು ಹಿಡಿದ ಕಂಪೈಲರನ್ನು ಮಾಡಿದವರು ಯಾರೆಂದು ಓದತೊಡಗಿದೆ.

ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಆದೇಶಗಳಾಗಿ ಬದಲಿಸುವುದು ಕಂಪೈಲರ್. ಮೊದಲು ಅದು ಅಕ್ಷರಗಳನ್ನು ಪದಗಳಾಗಿ ಬಿಡಿಸುತ್ತದೆ. ನಂತರ ರಚನೆ ನೋಡುತ್ತದೆ. 2 + 3 × 4 ಎಂದರೆ 20 ಅಲ್ಲ, 14 ಎಂದು ಅದಕ್ಕೆ ತಿಳಿಯಬೇಕು. ಇದು ವ್ಯಾಕರಣದ ಕೆಲಸ. ಬೇಡದ ಲೆಕ್ಕ ತೆಗೆದು ವೇಗ ಹೆಚ್ಚಿಸಲು ಗಣಿತ ಬೇಕು. ಆದೇಶ ಬರೆಯಲು ಯಂತ್ರದ ಒಳರಚನೆ ಗೊತ್ತಿರಬೇಕು. ತಪ್ಪನ್ನು ನಮಗೆ ಅರ್ಥವಾಗುವಂತೆ ತಿಳಿಸಲು ಬಳಸುವವರ ಕಷ್ಟವೂ ಗೊತ್ತಿರಬೇಕು.

ಅಮೆರಿಕದ ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ 1954ರಲ್ಲಿ ಫೋರ್ಟ್ರಾನ್ ಭಾಷೆಯ ಕೆಲಸ ಆರಂಭಿಸಿದಾಗ ಇಷ್ಟನ್ನೂ ಕಲಿಸುವ ಕೋರ್ಸ್ ಇರಲಿಲ್ಲ. ಅವರು ಬೇರೆ ಬೇರೆ ಕಡೆಯವರನ್ನು ಸೇರಿಸಿ ಸಣ್ಣ ತಂಡ ಕಟ್ಟಿದರು. ಡೇವಿಡ್ ಸೇಯ್ರ್ ಸ್ಫಟಿಕಗಳ ರಚನೆಯನ್ನು ಅಧ್ಯಯನ ಮಾಡಿದ್ದ ವಿಜ್ಞಾನಿ. ರಾಯ್ ನಟ್ ವಿಮಾನ ತಯಾರಿಕಾ ಕಂಪನಿಯಿಂದ ಬಂದವರು, ಶೆಲ್ಡನ್ ಬೆಸ್ಟ್ ಎಂಐಟಿಯಿಂದ. ಲೋಯಿಸ್ ಹೈಬ್ಟ್ ಆಗಷ್ಟೇ ಪದವಿ ಮುಗಿಸಿದ್ದ ಯುವತಿ.

ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಲ ಓಡಬಹುದು ಎಂದು ಅಂದಾಜಿಸುವ ಹಂತವನ್ನು ಹೈಬ್ಟ್ ಬರೆದರು. ಐಬಿಎಂ 704 ಯಂತ್ರದಲ್ಲಿ ಇದ್ದದ್ದು 3 ಇಂಡೆಕ್ಸ್ ರಿಜಿಸ್ಟರ್‌ಗಳು ಮಾತ್ರ. ಆ ಅಂದಾಜಿನ ಮೇಲೆ ಅವುಗಳನ್ನು ಹಂಚುವ ಹಂತ ಬೆಸ್ಟ್ ಅವರದು. ಒಬ್ಬರ ಅಂದಾಜು ಕೆಟ್ಟರೆ ಇನ್ನೊಬ್ಬರ ಹಂಚಿಕೆಯೂ ಕೆಡುತ್ತಿತ್ತು. ಹಾಗಾಗಿ ತನ್ನ ಕೆಲಸವಷ್ಟೇ ಅಲ್ಲ, ಪಕ್ಕದವರ ಕೆಲಸವೂ ಸ್ವಲ್ಪ ತಿಳಿದಿರಬೇಕಿತ್ತು. 1957ರಲ್ಲಿ ಕಂಪೈಲರ್ ಹೊರಬಂತು. ನುರಿತವರು ಕೈಯಾರೆ ಬರೆದ ಆದೇಶಗಳಿಗೆ ಸರಿಸಾಟಿಯಾಗುವಷ್ಟು ವೇಗವಾಗಿ ಅದರ ಪ್ರೋಗ್ರಾಮುಗಳು ಓಡಿದವು.

ಇಂದು ಸಣ್ಣ ಭಾಷೆಗೆ ಒಬ್ಬರೇ ಕಂಪೈಲರ್ ಬರೆಯಬಹುದು. ಆದರೆ ಅವರೂ ಈ ಎಲ್ಲ ವಿಷಯಗಳ ಬಾಗಿಲು ತಟ್ಟಲೇಬೇಕು.

ನಾನು ಕಾಂಬಿನೇಷನ್ ಬದಲಿಸಲಿಲ್ಲ. ಗಣಿತ ಇನ್ನೂ ಕಷ್ಟವೇ, ಟ್ಯೂಷನ್‌ಗೆ ಸೇರಿದ್ದೇನೆ. ಕನ್ನಡ ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಬಿಡಿಸುವ ಹೊತ್ತಿಗೆ ಮಾತ್ರ ಈಗ ಹಿಂದಿನ ಬೆಂಚಿಗೆ ಹೋಗುವುದಿಲ್ಲ.