ವರ್ಷದ ಆದಾಯ ಎಷ್ಟು ಅಂತ ಬರ್ಕೊಳ್ಲಿ?

ರಾಜ್ಯದ 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಬಂದ ಮೇಷ್ಟ್ರ ಪಟ್ಟಿಯಲ್ಲಿ ಈ ಪ್ರಶ್ನೆಯೂ ಇತ್ತು. ಕೊಪ್ಪದ ಕಡೆಯ ಅಡಿಕೆ ಬೆಳೆಗಾರರ ಜಗುಲಿಗಳಲ್ಲಿ ಇದಕ್ಕೆ ತಟ್ಟನೆ ಉತ್ತರ ಸಿಗುವುದಿಲ್ಲ. ಸುಳ್ಳು ಹೇಳುವ ಚಾಳಿ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಖರ್ಚು, ದೀಪಾವಳಿ ಆಸುಪಾಸಿನಿಂದ ಕೊನೆಕೊಯ್ಲು, ಧಾರಣೆ ಏರುವ ತನಕ ಚೀಲ ಮನೆಯಲ್ಲೇ. ಅಡಿಕೆಯ ಬಗೆಗಳಲ್ಲೂ ರಾಶಿಗೊಂದು ದರ, ಸರಕಿಗೊಂದು, ಗೊರಬಲಿಗೊಂದು. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟವರ ಲೆಕ್ಕವೇ ಬೇರೆ.

ಸರ್ಕಾರಕ್ಕೂ ಈ ಆದಾಯದ ಪ್ರಶ್ನೆ ಹಳೇ ತಲೆನೋವು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಮುತುವರ್ಜಿಯಿಂದ 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ, 1955ರಿಂದ ಕೆಲವು ಸುತ್ತುಗಳಲ್ಲಿ ಆದಾಯವನ್ನೇ ಕೇಳಿ ನೋಡಿತು. ಜನ ಹೇಳಿದ ಆದಾಯ ಅವರದೇ ಖರ್ಚು, ಉಳಿತಾಯಗಳ ಮೊತ್ತಕ್ಕಿಂತ ಕಡಿಮೆ ಬಂತು! ಪ್ರಯೋಗ ಅಲ್ಲಿಗೇ ನಿಂತಿತು. ಖರ್ಚಿನ ಲೆಕ್ಕವನ್ನೇ ನಂಬಿಕೊಂಡರು. ಮುಂದೆ ರೈತರ ಆದಾಯ ತಿಳಿಯಲು 2018-19ರ ಕೃಷಿ ವರ್ಷದ ಬಗ್ಗೆ ನಡೆದ ಸಮೀಕ್ಷೆ, ವರ್ಷವನ್ನು ಎರಡು ಅರ್ಧ ಮಾಡಿ ಎರಡು ಸಲ ಕೇಳಿ, ದೇಶದ ಕೃಷಿ ಕುಟುಂಬಕ್ಕೆ ತಿಂಗಳಿಗೆ ಸರಾಸರಿ 10,218 ರೂಪಾಯಿ ಎಂದಿತು. ಅಡಿಕೆಯವರಿಗೆ ಖರ್ಚು ಮೊದಲರ್ಧಕ್ಕೆ, ದುಡ್ಡು ಎರಡನೆಯದಕ್ಕೆ. ಕೆಲವೊಮ್ಮೆ ಮುಂದಿನ ವರ್ಷಕ್ಕೆ.

ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರಾದ ಜಾನ್ ಬೌಂಡ್, ಅಲನ್ ಕ್ರೂಗರ್ 1991ರ ಅಧ್ಯಯನವೊಂದರಲ್ಲಿ ಜನ ಹೇಳಿದ ಸಂಬಳವನ್ನು ಸಾಮಾಜಿಕ ಭದ್ರತೆಯ ಕಡತದ ಜತೆ ತಾಳೆ ನೋಡಿದರು. ಕಡಿಮೆ ಗಳಿಸುವ ಗಂಡಸರು ಕೊಂಚ ಏರಿಸಿ, ಹೆಚ್ಚು ಗಳಿಸುವವರು ಇಳಿಸಿ ಹೇಳುವ ಒಲವು ಕಂಡಿತು.

ನಮ್ಮಲ್ಲಿ ತಾಳೆ ನೋಡಲು ಕಡತ ಯಾವುದು? 1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಕಲಮು ಕೃಷಿ ಆದಾಯವನ್ನು ಹೊರಗಿಟ್ಟಿತು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಸರ್ಕಾರಿ ದಾಖಲೆಯೇನೋ ಹೌದು, ಆದರೆ ಅದರ ಮೂಲ ಬಹುಮಟ್ಟಿಗೆ ಅರ್ಜಿದಾರರ ಮಾತೇ. ಐದು ವರ್ಷ ಚಾಲ್ತಿ ಬೇರೆ! ರೇಷನ್ ಕಾರ್ಡಿಗೆ ಒಂದು ಆದಾಯ, ಸೊಸೈಟಿ ಸಾಲಕ್ಕೆ ಇನ್ನೊಂದು, ಹುಡುಗನಿಗೆ ಹೆಣ್ಣು ಕೇಳಲು ಹೋದಾಗ ಮೂರನೆಯದು.

ತೂಗಿ ಬರೆದ ಲೆಕ್ಕ ಬೇಕೆಂದರೆ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್‌ನಂಥ ಸಹಕಾರ ಸಂಘದಲ್ಲಿದೆ. ಅದೂ ಅಲ್ಲಿಗೆ ಬಂದ ಅಡಿಕೆಯದು ಮಾತ್ರ. ಮನೆ ಬಾಗಿಲಲ್ಲಿ ವ್ಯಾಪಾರಿಗೆ ಕೊಟ್ಟದ್ದು ಅದರಲ್ಲಿಲ್ಲ. ಪಹಣಿಯಲ್ಲಿ ಹಳದಿ ಎಲೆ ರೋಗಕ್ಕೆ ಸೋತ ಶೃಂಗೇರಿಯ ತೋಟವೂ ‘ಅಡಿಕೆ’, ನರಸಿಂಹರಾಜಪುರದ ಗೊನೆ ತುಂಬಿದ ತೋಟವೂ ‘ಅಡಿಕೆ’. ರೋಗ ಹೊಕ್ಕ ತೋಟದವರು “ಏನೂ ಇಲ್ಲ ಮಾರಾಯ್ರೆ” ಎಂದರೆ, ನಾನಂತೂ ಪಹಣಿಗಿಂತ ಆ ಮಾತನ್ನೇ ನಂಬುತ್ತೇನೆ.

ಕೇಂದ್ರ ಸರ್ಕಾರ ಮತ್ತೆ ಆದಾಯ ಕೇಳಲು ಹೊರಟಿತು. 2026ರ ಕುಟುಂಬ ಆದಾಯ ಸಮೀಕ್ಷೆಗೆ 2025ರ ಆಗಸ್ಟ್‌ನಲ್ಲಿ ಪೂರ್ವಪರೀಕ್ಷೆ ನಡೆಯಿತು. ಕೇಳಿದ್ದು ಸೂಕ್ಷ್ಮ ವಿಷಯ ಎಂದವರು ಶೇ 95ರಷ್ಟು ಮಂದಿ. ತೆರಿಗೆ ಕಟ್ಟಿದ್ದೆಷ್ಟು ಎಂದಾಗ ಬಹುತೇಕರು ಬಾಯಿಯನ್ನೇ ಬಿಡಲಿಲ್ಲ.